ಮೊಬೈಲಿನೊಳಗಿನ ಕನ್ನಡ ಯಾರ ಹೊಣೆ?



ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಸ್ತರು ಬೇಕು, ಪುಸ್ತಕಗಳು ಶಾಲೆ ತೆರೆಯುವ ದಿನವೇ ಬೇಕು, ಪ್ರಶ್ನೆಪತ್ರಿಕೆಯ ಕನ್ನಡ ಓದಿದರೆ ತಿಳಿಯುವಂತಿರಬೇಕು ಎಂದು ನಾವು ಅರ್ಜಿ ಬರೆಯುತ್ತಲೇ ಬಂದಿದ್ದೇವೆ. ಬರೆಯಲೇಬೇಕು. ಬರೆಯುವುದನ್ನು ನಿಲ್ಲಿಸಿದ ದಿನ ನಾವು ಇಲ್ಲಿದ್ದೇವೆಂಬುದನ್ನೇ ಕಚೇರಿಗಳು ಮರೆಯುತ್ತವೆ. ಆದರೆ ಇಂದು ಹೇಳಹೊರಟಿರುವುದು ಅರ್ಜಿಯ ಮಾತಲ್ಲ. ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತದೆ, ಯಾವ ಆದೇಶಕ್ಕೂ ಕಾಯದೆ ನಾವೇ ಮಾಡಬಹುದಾಗಿದ್ದೂ ಮಾಡದೆ ಬಿಟ್ಟಿರುವ ಒಂದು ಕೆಲಸದ ಮಾತು. ಅದು ನಿಮ್ಮ ಜೇಬಿನಲ್ಲಿರುವ ಮೊಬೈಲಿಗೆ ಸಂಬಂಧಿಸಿದ್ದು.

ಆ ಮೊಬೈಲನ್ನು ಒಮ್ಮೆ ತೆರೆದು ನೋಡಿ. ಅದು ಯಾವ ಭಾಷೆಯಲ್ಲಿ ನಿಮ್ಮೊಡನೆ ವ್ಯವಹರಿಸುತ್ತಿದೆ? ಕೆಲವರ ಮನೆಯಲ್ಲಿ ಇಂಗ್ಲಿಷಿನಲ್ಲಿ, ಕೆಲವರ ಮನೆಯಲ್ಲಿ ಅಂಗಡಿಯವರು ಹಾಕಿಕೊಟ್ಟ ತೆಲುಗಿನಲ್ಲಿ. ಕನ್ನಡದಲ್ಲಿ ಎನ್ನುವವರು ಎಷ್ಟು ಮಂದಿ ಸಿಕ್ಕಾರು? ಮಗುವನ್ನು ಕನ್ನಡ ಶಾಲೆಗೆ ಕಳಿಸಿ, ಅದೇ ಮಗು ಸಂಜೆ ಕೈಗೆತ್ತಿಕೊಳ್ಳುವ ಯಂತ್ರದಿಂದ ಕನ್ನಡವನ್ನು ಹೊರಗಿಟ್ಟವರು ಯಾರು? ಸರ್ಕಾರವೇ? ಕಂಪನಿಯೇ? ನಾವೇ?

ಗೆರೆಯ ಈಚೆ ಉಳಿದವರು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ನ್ಯಾಲಕಲ್ ಸರ್ಕಲ್, ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಧಾರೂರು, ತಾಂಡೂರುಗಳು ಹೊಸ ವಿಕಾರಾಬಾದ್ ಜಿಲ್ಲೆಗೂ, ಜಹೀರಾಬಾದ್, ನಾರಾಯಣಖೇಡಗಳು ಹೊಸ ಸಂಗಾರೆಡ್ಡಿ ಜಿಲ್ಲೆಗೂ ಸೇರಿದವು. ರಾಜ್ಯದ ಹೆಸರು ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು. ನಮ್ಮ ಮನೆಯ ಮಾತು ಬದಲಾಗಲಿಲ್ಲ. ತಾಂಡೂರಿನ ಕಾಗ್ನಾ ಹೊಳೆಯೇ ಮುಂದೆ ಕಾಗಿಣಾ ಎನಿಸಿಕೊಂಡು ಮಳಖೇಡವನ್ನು ಮುಟ್ಟುತ್ತದೆ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ರಚನೆಯಾದ ಕಾಲದ ರಾಷ್ಟ್ರಕೂಟರ ರಾಜಧಾನಿ ಅದು. ಕನ್ನಡ ಈ ಸೀಮೆಗೆ ಎಲ್ಲಿಂದಲೋ ವಲಸೆ ಬಂದದ್ದಲ್ಲ.

ಅದೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. 'ಪ್ರಯತ್ನಿಸಬೇಕು' ಎಂಬ ಮಾತನ್ನು ಗಮನಿಸಿ. ಪ್ರಾಥಮಿಕ ಹಂತ ಎಂಬ ಮಾತನ್ನೂ ಗಮನಿಸಿ. ಅದಕ್ಕೂ ಮೊದಲು 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರವೊಂದಿದೆ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕು. ಅಂದರೆ ನಮ್ಮ ಹಕ್ಕು ತಲೆ ಎಣಿಕೆಯ ಮೇಲೆ ನಿಂತಿದೆ. ಹತ್ತರಲ್ಲಿ ಒಂದು ಮಗು ಬಿಟ್ಟುಹೋದರೆ ಉಳಿದ ಒಂಬತ್ತು ಮಕ್ಕಳ ಹಕ್ಕಿಗೂ ಕುತ್ತು.

ಆ ಒಂದು ಮಗು ಏಕೆ ಬಿಟ್ಟುಹೋಗುತ್ತದೆ? ಪಾಲಕರನ್ನು ಕೇಳಿದರೆ ಉತ್ತರ ನೇರವಾಗಿದೆ: ಕನ್ನಡ ಕಲಿತು ಏನು ಮಾಡುವುದು, ಶಾಲೆಯ ಗೇಟು ದಾಟಿದರೆ ಕನ್ನಡ ಎಲ್ಲಿದೆ? ಬಸ್ಸಿನ ಫಲಕದಲ್ಲಿಲ್ಲ, ಬ್ಯಾಂಕಿನ ಅರ್ಜಿಯಲ್ಲಿಲ್ಲ, ಮೊಬೈಲಿನಲ್ಲೂ ಇಲ್ಲ. 2022-23ರಿಂದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದ ಮೇಲಂತೂ ಈ ಪ್ರಶ್ನೆ ಇನ್ನಷ್ಟು ಜೋರಾಗಿದೆ. ಬಸ್ಸಿನ ಫಲಕ ನಮ್ಮ ಕೈಯಲ್ಲಿಲ್ಲ. ಬ್ಯಾಂಕಿನ ಅರ್ಜಿ ನಮ್ಮ ಕೈಯಲ್ಲಿಲ್ಲ. ಮೊಬೈಲು ಮಾತ್ರ ಅಕ್ಷರಶಃ ನಮ್ಮ ಕೈಯಲ್ಲೇ ಇದೆ. ಆದ್ದರಿಂದ ಇದು ಯಂತ್ರದ ವಿಷಯವೆಂದು ತಳ್ಳಿಹಾಕಬೇಡಿ. ಇದು ಹಾಜರಿ ಪುಸ್ತಕದ ವಿಷಯ.

ಕಾನೂನು ಕೊಟ್ಟದ್ದೆಷ್ಟು?

ಭಾರತದಲ್ಲಿ ಮಾರುವ ಮೊಬೈಲುಗಳಿಗೆ ಭಾಷೆಯ ಮಾನದಂಡವೊಂದಿದೆ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಕಡ್ಡಾಯ ಮಾಡಲು ಆದೇಶ ಹೊರಡಿಸಿತು. ಅದರ ಸಾರ ಇಷ್ಟು: ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಮೊಬೈಲಿನ ಪರದೆಯ ಮೇಲೆ ಓದಲು ಸಾಧ್ಯವಾಗಬೇಕು. ಬರೆಯಲು ಮಾತ್ರ ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆ ಇದ್ದರೆ ಸಾಕು.

ಈ ಹಂಚಿಕೆಯನ್ನು ಸರಿಯಾಗಿ ನೋಡಿ. ಓದುವುದಕ್ಕೆ 22, ಬರೆಯುವುದಕ್ಕೆ ಹೆಸರು ಹೇಳಿದ ಎರಡು, ಹೆಸರು ಹೇಳದ ಒಂದು. ಬೆಂಗಳೂರಿನಲ್ಲಿ ಆ ಒಂದು ಕನ್ನಡವೇ ಆದೀತು. ತಾಂಡೂರಿನ ಅಂಗಡಿಯಲ್ಲಿ ಅದು ತೆಲುಗೇ ಆಗುವುದು ಸಹಜ. ಗಡಿನಾಡ ಕನ್ನಡಿಗ ಎಣಿಕೆಯಲ್ಲಿ ನಾಲ್ಕನೆಯವನು. ಮೂರಕ್ಕೆ ನಿಲ್ಲುವ ಕಾನೂನು ಅವನವರೆಗೆ ಬರುವುದೇ ಇಲ್ಲ. ಓದುವವರಾಗಿ ನಮ್ಮನ್ನು ಒಪ್ಪಿಕೊಂಡು ಬರೆಯುವವರಾಗಿ ಕೈಬಿಡುವ ಈ ನೀತಿಗೆ ಏನೆನ್ನಬೇಕು? ಮಲತಾಯಿ ಧೋರಣೆ ಎಂದು ಕೂಗಬಹುದು, ಕೂಗಿದರೆ ತಪ್ಪೂ ಇಲ್ಲ. ಆದರೆ ಕೂಗಿ ಮುಗಿಸಿದ ಮೇಲೆ ಕನ್ನಡದ ಕೀಲಿಮಣೆ ಎಲ್ಲಿಂದ ಬರಬೇಕು?

ಅದು ಬಂದಿದೆ. ತಂದುಕೊಟ್ಟವರು ಯಾರೆಂಬುದನ್ನು ಕೇಳಿದರೆ ನಮಗೆ ಸಂತೋಷವೂ ಆಗಬೇಕು, ನಾಚಿಕೆಯೂ ಆಗಬೇಕು. ಅದನ್ನು ಹೇಳುವ ಮೊದಲು ಒಂದು ಪದದ ಅರ್ಥ ತಿಳಿಯಬೇಕು.

ನಮ್ಮ ಬೀಜ, ಅಂಗಡಿಯ ಬೀಜ

ಜಹೀರಾಬಾದಿನ ಪಸ್ತಾಪುರದಲ್ಲಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರು ಕೇಳದವರಿಲ್ಲ. ಮೈಸೂರು ಮೂಲದ ಪಿ.ವಿ. ಸತೀಶ್ ಮತ್ತು ಗೆಳೆಯರು ಕಟ್ಟಿದ ಆ ಸಂಸ್ಥೆಯ ಸಂಘಗಳಲ್ಲಿ ಹಳ್ಳಿಯ ದಲಿತ ಹೆಣ್ಣುಮಕ್ಕಳು ಜೋಳ, ನವಣೆ, ಸಾವೆ, ತೊಗರಿಯ ಬೀಜಗಳನ್ನು ತಾವೇ ಕಾಯ್ದಿಟ್ಟು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತ ಬಂದರು. ಒಂದು ಪಾಲು ಒಯ್ದವರು ಬೆಳೆ ಬಂದ ಮೇಲೆ ಹೆಚ್ಚಾಗಿ ಹಿಂದಿರುಗಿಸುತ್ತಾರೆ. ಅಂಗಡಿಯ ಸಂಕರ ಬೀಜ ಹಾಗಲ್ಲ. ಪ್ರತಿ ವರ್ಷ ಕೊಳ್ಳಬೇಕು, ಕಂಪನಿ ಮಾರುವುದನ್ನು ನಿಲ್ಲಿಸಿದರೆ ನಮ್ಮ ಬಿತ್ತನೆಯೂ ನಿಂತಿತು. ಅದೇ ಹೆಣ್ಣುಮಕ್ಕಳು 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಸಂಘಂ ರೇಡಿಯೊ ಆರಂಭಿಸಿದರು. ಆಕಾಶವಾಣಿ ತಮ್ಮ ಮಾತನ್ನು ಬಿತ್ತರಿಸಲಿ ಎಂದು ಅವರು ಕೂತು ಕಾಯಲಿಲ್ಲ. ತಮ್ಮ ರೇಡಿಯೊವನ್ನು ತಾವೇ ನಡೆಸಿದರು.

ಮೊಬೈಲಿನೊಳಗಿನ ತಂತ್ರಾಂಶದಲ್ಲೂ ಇದೇ ಎರಡು ಬಗೆ. ಕಂಪನಿ ಬರೆದು ಬೀಗ ಹಾಕಿದ್ದು ಒಂದು. ಅದರ ಒಳಗೇನಿದೆ ಎಂದು ನೋಡುವಂತಿಲ್ಲ, ತಿದ್ದುವಂತಿಲ್ಲ, ಅದರಲ್ಲಿ ಕನ್ನಡವಿಲ್ಲದಿದ್ದರೆ ಬೇಡಬೇಕಷ್ಟೆ. ಇನ್ನೊಂದು ಮುಕ್ತ ತಂತ್ರಾಂಶ. ಬರೆದವರು ಅದರ ಮೂಲವನ್ನೇ ಎಲ್ಲರ ಮುಂದೆ ಇಡುತ್ತಾರೆ. ಬಲ್ಲವರು ಯಾರೇ ಆಗಲಿ ಓದಬಹುದು, ತಿದ್ದಬಹುದು, ತಮ್ಮ ಭಾಷೆಯನ್ನು ಸೇರಿಸಬಹುದು, ಮತ್ತೊಬ್ಬರಿಗೆ ಹಂಚಬಹುದು. ಒಂದು ವಿಷಯದಲ್ಲಿ ಮೋಸಹೋಗಬಾರದು. ದುಡ್ಡಿಲ್ಲದೆ ಸಿಗುವುದೆಲ್ಲ ಮುಕ್ತವಲ್ಲ. ಇಂದು ಉಚಿತವಾಗಿ ಕೊಟ್ಟ ಕಂಪನಿ ನಾಳೆ ಕೊಡದೆ ಹೋದೀತು. ಮೂಲವನ್ನು ಬಿಟ್ಟುಕೊಟ್ಟರೆ ಮಾತ್ರ ಅದು ನಮ್ಮ ಬೀಜ.

ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ಮೊಜಿಲ್ಲಾ ಎಂಬ ಸಂಸ್ಥೆ ಬಡವರ ಮೊಬೈಲಿಗೆಂದು ಫೈರ್‌ಫಾಕ್ಸ್ ಓಎಸ್ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟಿತು. 2014ರಲ್ಲಿ ಅದನ್ನು ಹಾಕಿದ ಎರಡು ಸಾವಿರ ರೂಪಾಯಿ ಆಸುಪಾಸಿನ ಮೊಬೈಲುಗಳು ಭಾರತಕ್ಕೆ ಬಂದವು. ವ್ಯಾಪಾರ ಕೈಹತ್ತಲಿಲ್ಲ. 2015ರ ಡಿಸೆಂಬರಿನಲ್ಲಿ ಸಂಸ್ಥೆ ಅಂಥ ಮೊಬೈಲುಗಳನ್ನು ಮಾರುವ ಪ್ರಯತ್ನ ಕೈಬಿಡುವುದಾಗಿ ಸಾರಿತು. ಬೀಗ ಹಾಕಿದ ತಂತ್ರಾಂಶವಾಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಮೂಲ ಎಲ್ಲರ ಮುಂದೆ ಇದ್ದುದರಿಂದ ಮತ್ತೊಬ್ಬರು ಅದನ್ನೆತ್ತಿಕೊಂಡು ಕೈಓಎಸ್ ಎಂಬುದನ್ನು ಕಟ್ಟಿದರು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನ ಬುಡದಲ್ಲಿದ್ದದ್ದು ಅದೇ. ನಮ್ಮ ತೊಗರಿ ಹೊಲದಲ್ಲಿ, ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವವರ ಕೈಗೂ ಅದು ಬಂತು.

ಕೀಲಿಮಣೆ ಕಟ್ಟಿದವರು

ಗಣಕಯಂತ್ರದಲ್ಲಿ ಕನ್ನಡ ತಾನಾಗಿ ಮೂಡಿದ್ದಲ್ಲ. ಕೆ.ಪಿ. ರಾವ್ ಅವರು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಕೀಲಿಗಳ ಮೇಲೆ ಕೂರಿಸುವ ಸುಲಭದ ಕ್ರಮವನ್ನು ಕಂಡುಕೊಂಡರು. ಕನ್ನಡ ಗಣಕ ಪರಿಷತ್ತು ಅದೇ ಜಾಡಿನಲ್ಲಿ ನಡೆದು ನುಡಿ ತಂತ್ರಾಂಶವನ್ನು ತಂದಿತು. ಕನ್ನಡದ ತಂತ್ರಾಂಶಕ್ಕಾಗಿ ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೇ ದನಿಯೆತ್ತಿದರು. ಆ ಕಾಲದ ತೊಡಕು ಬಲ್ಲವರಿಗೆ ಗೊತ್ತು: ಒಂದು ಮುದ್ರಣಾಲಯದ ಗಣಕದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಒಬ್ಬೊಬ್ಬರ ಫಾಂಟಿಗೆ ಒಂದೊಂದು ಗುಟ್ಟಿನ ಸಂಕೇತ.

ಅದನ್ನು ಬಿಡಿಸಿದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ, ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆ ಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳಿವೆ. ಕನ್ನಡದ ಹಿಂದಿನ 128 ಮನೆ ತೆಲುಗಿಗೆ, ಮುಂದಿನ 128 ಮನೆ ಮಲೆಯಾಳಕ್ಕೆ. ಈ ಪಕ್ಕ ನಮ್ಮ ತಾಂಡೂರು, ಆ ಪಕ್ಕ ಕಾಸರಗೋಡು ಎಂಬಂತೆ ಗೋಡೆಗೆ ಗೋಡೆ ಹೊಂದಿಕೊಂಡ ಸಾಲು ಅದು. ಅಲ್ಲಿ ಯಾರ ಮನೆಗೂ ಯಾರೂ ನುಗ್ಗುವುದಿಲ್ಲ, ಸಂಖ್ಯೆಯಲ್ಲಿ ಕಡಿಮೆಯೆಂದು ಯಾರನ್ನೂ ಬಿಡಿಸುವುದಿಲ್ಲ.

ಮನೆ ಸಿಕ್ಕಿದ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲ. ಇಂದಿನ ಬಹುಪಾಲು ಮೊಬೈಲುಗಳಲ್ಲಿರುವ ಆಂಡ್ರಾಯ್ಡ್ ತಂತ್ರಾಂಶ 2012ರ 4.1ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲೆಯಾಳಗಳ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸಲು ಕಲಿಯಿತು. ಅದಕ್ಕೆ ಮೊದಲು ಕನ್ನಡದ ಜಾಗದಲ್ಲಿ ಖಾಲಿ ಚೌಕಗಳ ಸಾಲು ಕಾಣುತ್ತಿದ್ದುದು ನಿಮಗೆ ನೆನಪಿರಬಹುದು. 2014ರ 5.0 ಆವೃತ್ತಿಯಲ್ಲಿ ಮೊಬೈಲಿನ ಸೂಚನೆಗಳೇ ಕನ್ನಡದಲ್ಲಿ ಬಂದವು. ಅಕ್ಷರಕ್ಕೆ ಒತ್ತು ಕೂರಿಸುವ ಹಾರ್ಫ್‌ಬಜ್ ಎಂಬ ಯಂತ್ರ ಮುಕ್ತ ತಂತ್ರಾಂಶ. ನೋಟೋ ಎಂಬ ಕನ್ನಡ ಫಾಂಟೂ ಮುಕ್ತ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಫಾಂಟುಗಳೂ ಮುಕ್ತ. ಫೈರ್‌ಫಾಕ್ಸ್ ಕನ್ನಡದಲ್ಲಿ ಮಾತಾಡುವುದು ಸಂಬಳವಿಲ್ಲದೆ ಸಾಲು ಸಾಲಾಗಿ ಅನುವಾದಿಸಿದ ಕನ್ನಡಿಗರಿಂದ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದೂ ಅಂಥ ಬಿಡುವಿನ ವೇಳೆಯ ಕೆಲಸದ ಮೇಲೆ.

ಇನ್ನು ಕೀಲಿಮಣೆಯ ಮಾತು. 2002ರಲ್ಲಿ ಕೇರಳದಲ್ಲಿ ಮಲೆಯಾಳಿ ತರುಣರು ಸ್ವತಂತ್ರ ಮಲೆಯಾಳಂ ಕಂಪ್ಯೂಟಿಂಗ್ ಎಂಬ ಬಳಗ ಕಟ್ಟಿದರು. ತಮ್ಮ ಭಾಷೆಗೆ ಬೇಕಾದ ತಂತ್ರಾಂಶವನ್ನು ತಾವೇ ಬರೆಯಬೇಕೆಂಬುದು ಅವರ ಹಟ. ಆ ಬಳಗದಿಂದ ಬಂದದ್ದು ಇಂಡಿಕ್ ಕೀಬೋರ್ಡ್. ಆಂಡ್ರಾಯ್ಡಿನ ಮುಕ್ತ ಕೀಲಿಮಣೆಯನ್ನೇ ತೆಗೆದುಕೊಂಡು ಅದಕ್ಕೆ 23 ಭಾಷೆಗಳನ್ನು ಸೇರಿಸಿದರು. ಆ 23ರಲ್ಲಿ ಕನ್ನಡವೂ ಒಂದು. ಹಣವಿಲ್ಲ, ಜಾಹೀರಾತಿಲ್ಲ, ಬರೆದದ್ದನ್ನು ಕದ್ದು ಎಲ್ಲಿಗೂ ಕಳಿಸುವುದಿಲ್ಲ. ಮಲೆಯಾಳಕ್ಕೆಂದು ಹೊರಟವರು ಕನ್ನಡವನ್ನೂ ಕೈಹಿಡಿದು ಕರೆದೊಯ್ದರು. ಅವರಿಗೆ ನಾವು ಋಣಿಗಳು. ಆದರೆ ನೆರೆಮನೆಯವರು ಮಾಡಿ ಬಡಿಸಿದ ಊಟವನ್ನು ಎಷ್ಟು ದಿನ ಉಣ್ಣುವುದು? ನವೆಂಬರ್ ಬಂತೆಂದರೆ ಶಾಲು, ಹಾರ, ಧ್ವನಿವರ್ಧಕಗಳಿಗೆ ಹಣ ಸುರಿಯುವ ನಮ್ಮ ದೊಡ್ಡ ಸಂಘಗಳು ಇಂಥದೊಂದು ಕೆಲಸಕ್ಕೆ ಒಂದು ದಿನವನ್ನಾದರೂ ಕೊಟ್ಟಿವೆಯೇ?

ಎದುರು ಮಾತುಗಳು

ಮೊದಲನೆಯದು: ಮೊಬೈಲಿನಿಂದ ಮಕ್ಕಳು ಕೆಡುತ್ತಾರೆ, ನೀವು ಅದನ್ನೇ ಎತ್ತಿಹಿಡಿಯುತ್ತೀರಲ್ಲ? ಹೊತ್ತುಗೊತ್ತಿಲ್ಲದ ಆಟ, ರೀಲು, ಜೂಜು ಕೆಡಿಸುತ್ತವೆ, ನಿಜ. ಮಗುವಿಗೆ ಹೆಚ್ಚು ಹೊತ್ತು ಮೊಬೈಲು ಕೊಡಿ ಎಂದು ನಾವು ಹೇಳುತ್ತಿಲ್ಲ. ಕೊಟ್ಟ ಅರ್ಧ ಗಂಟೆ ಯಾವ ಭಾಷೆಯಲ್ಲಿ ಕಳೆಯಬೇಕು ಎಂದಷ್ಟೇ ಕೇಳುತ್ತಿದ್ದೇವೆ. 2020ರಲ್ಲಿ ಶಾಲೆಗಳು ಮುಚ್ಚಿ, ಸೆಪ್ಟೆಂಬರ್ 1ರಿಂದ ದೂರದರ್ಶನ ಯಾದಗಿರಿ ಮತ್ತು ಟಿ-ಸ್ಯಾಟ್‌ನಲ್ಲಿ ಪಾಠ ಶುರುವಾದಾಗ ನಿಮ್ಮ ಮನೆಯ ಮಗು ಯಾವ ಪಾಠವನ್ನು ಯಾವ ಭಾಷೆಯಲ್ಲಿ ಕೇಳಿತೆಂಬುದನ್ನು ನೀವೇ ನೆನಪಿಸಿಕೊಳ್ಳಿ. ಅದೇ ವರ್ಷ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳದ ಫಸ್ಟ್ ಬೆಲ್ ಯೋಜನೆಯಲ್ಲಿ ಕನ್ನಡದಲ್ಲೇ ಪಾಠಗಳಿದ್ದವು. ಕೇರಳ 2001ರಲ್ಲೇ ಶಾಲೆಗಳಿಗೆ ಗಣಕ ಶಿಕ್ಷಣದ ಯೋಜನೆ ಹಾಕಿಕೊಂಡು, ಮುಂದೆ ಮುಕ್ತ ತಂತ್ರಾಂಶವನ್ನೇ ಅದರ ತಳಹದಿ ಮಾಡಿಕೊಂಡಿತು. ಇಂದು ಕೈಟ್ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ಅಲ್ಲಿನ ಗಣಕ ಪಠ್ಯಪುಸ್ತಕ ಮಲೆಯಾಳ, ಇಂಗ್ಲಿಷುಗಳ ಜೊತೆಗೆ ಕನ್ನಡ, ತಮಿಳುಗಳಲ್ಲೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಒಂದು ರಾಜ್ಯ ಇದನ್ನು ಮಾಡಬಹುದಾದರೆ ಇನ್ನೊಂದು ರಾಜ್ಯ ಏಕೆ ಮಾಡಬಾರದು?

ಎರಡನೆಯದು: ಹೊಟ್ಟೆಪಾಡಿಗೆ ಬೇಕಾದ್ದು ಇಂಗ್ಲಿಷು, ಮೊಬೈಲನ್ನು ಇಂಗ್ಲಿಷಿನಲ್ಲಿ ಬಳಸಿದರೆ ಆ ಭಾಷೆಯಾದರೂ ಬರುತ್ತದೆ. ಬರುತ್ತದೆಯೇ? ಹತ್ತಾರು ಗುಂಡಿಗಳ ಹೆಸರು ಬಾಯಿಪಾಠವಾಗುತ್ತದೆ, ಅಷ್ಟೆ. ಇಂಗ್ಲಿಷನ್ನು ಒಳ್ಳೆಯ ಮಾಸ್ತರರಿಂದ ಚೆನ್ನಾಗಿ ಕಲಿಯಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ತಿಳಿಯದ ಭಾಷೆಯ ಕರಾರಿಗೆ 'ಒಪ್ಪಿದೆ' ಎಂದು ಒತ್ತಿ ಹಣ ಕಳೆದುಕೊಂಡವರು ನಮ್ಮ ಊರುಗಳಲ್ಲಿ ಇಲ್ಲವೇ? ತಿಳಿಯುವ ಭಾಷೆಯಲ್ಲಿ ಯಂತ್ರ ಮಾತಾಡಬೇಕೆಂಬುದು ಒಣ ಅಭಿಮಾನವಲ್ಲ, ಎಚ್ಚರ.

ಮೂರನೆಯದು: ಇದೆಲ್ಲ ಬೆಂಗಳೂರಿನ ಇಂಜಿನಿಯರುಗಳ ಕೆಲಸ, ಅವರು ಮಾಡುತ್ತಾರೆ. ಮಾಡಿದ್ದಾರೆ, ಮಾಡುತ್ತಲೂ ಇದ್ದಾರೆ. ಆದರೆ ಅವರ ಕನ್ನಡ ನಿಮ್ಮ ಮಗುವಿಗೆ ತಿಳಿಯುತ್ತದೆಯೇ ಎಂದು ಕೇಳಿದ್ದೀರಾ? ಕಡತ, ಸಂರಚನೆ, ಪ್ರಾಶಸ್ತ್ಯ ಎಂಬ ಪದಗಳು ಪರದೆಯ ಮೇಲೆ ಬಂದಾಗ ಮಗು ಹೆದರಿ ಇಂಗ್ಲಿಷಿಗೆ ಓಡಿದರೆ ತಪ್ಪು ಮಗುವಿನದಲ್ಲ. ಕಾಗ್ನಾ ತೀರದ, ಮಂಜೀರಾ ತೀರದ ಕನ್ನಡಿಗರು ಆ ಕೆಲಸದಲ್ಲಿ ಸೇರದಿದ್ದರೆ ಈ ಸೀಮೆಯ ಮಾತು ಅದರಲ್ಲಿ ಬರುವುದಾದರೂ ಹೇಗೆ? ಸಣ್ಣ ಉದಾಹರಣೆ ನೋಡಿ. 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಸರಿ. 'ರ‍್ಯಾಲಿ' ಎಂದು ಬರೆಯುವಾಗ ಪೂರ್ಣ ರಕಾರಕ್ಕೆ ಯಕಾರದ ಒತ್ತು ಬರಬೇಕು. ಅದಕ್ಕೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಸೇರಿಸಬೇಕು. ಕನ್ನಡ ಓದಲು ಬಾರದವರು ಈ ತಪ್ಪನ್ನು ಸಾವಿರ ಸಲ ನೋಡಿದರೂ ಹಿಡಿಯಲಾರರು. ನಾಲ್ಕನೆಯ ತರಗತಿಯ ನಮ್ಮ ಹುಡುಗಿ ಒಂದೇ ನೋಟಕ್ಕೆ ಹಿಡಿಯುತ್ತಾಳೆ.

ನಾಲ್ಕನೆಯದು: ನಾವು ಪುಕ್ಕಟೆ ದುಡಿದರೆ ಲಾಭ ಕಂಪನಿಗಳಿಗೆ. ಇದು ತಳ್ಳಿಹಾಕುವ ಮಾತಲ್ಲ. ಮುಕ್ತವಾದುದನ್ನು ದೊಡ್ಡ ಕಂಪನಿಗಳೂ ಬಳಸಿ ಹಣ ಮಾಡುತ್ತವೆ. ಆದರೆ ಮೂಲ ನಮ್ಮ ಬಳಿಯೂ ಉಳಿಯುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಊರ ಬಾವಿಯ ನೀರನ್ನು ಸಾಹುಕಾರನೂ ಸೇದುತ್ತಾನೆಂದು ಬಾವಿ ತೋಡುವುದನ್ನು ಬಿಟ್ಟವರುಂಟೇ? ಹಾಗಾಗಿ ದುಡಿಯುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಕೊಟ್ಟದ್ದು ಮುಕ್ತ ಪರವಾನಗಿಯಲ್ಲಿ ಉಳಿಯುತ್ತದೆಯೇ? ಉತ್ತರ ಇಲ್ಲವೆಂದಾದರೆ ಅಂಥವರಿಗೆ ನಮ್ಮ ಒಂದು ಪದವನ್ನೂ ಪುಕ್ಕಟೆ ಕೊಡಬೇಕಿಲ್ಲ.

ನಮ್ಮ ಮಕ್ಕಳ ಬಂಡವಾಳ

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಚೇರಿಗಳ ಕಣ್ಣಿಗೆ ನಮ್ಮ ಮಕ್ಕಳು ಒಂದು ತೊಂದರೆ: ಬೇರೆ ಪುಸ್ತಕ ಅಚ್ಚು ಹಾಕಿಸಬೇಕು, ಬೇರೆ ಶಿಕ್ಷಕರನ್ನು ಕೊಡಬೇಕು. ಆದರೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಗೆಳೆಯರೊಡನೆ ದಖ್ಖನಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷು ಇವನ್ನೆಲ್ಲ ಹತ್ತು ವರ್ಷಕ್ಕೇ ಕಿವಿಯಲ್ಲಿಟ್ಟುಕೊಂಡ ಮಗು ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಎಷ್ಟು ಸಿಕ್ಕೀತು? ಅನುವಾದದ ಕೆಲಸಕ್ಕೆ ಬೇಕಾದದ್ದು ಇದೇ ಬಂಡವಾಳ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕತೆಗಳು ಮುಕ್ತ ಪರವಾನಗಿಯಲ್ಲಿವೆ. ತೆಲುಗಿನಲ್ಲಿರುವ ಕತೆಯನ್ನು ಯಾರ ಅನುಮತಿಯೂ ಇಲ್ಲದೆ ಕನ್ನಡಕ್ಕೆ ತರಬಹುದು. ತಾಂಡೂರಿನ ತಾಯಿಯೊಬ್ಬಳು ತಂದ ಕತೆಯನ್ನು ಕಾಸರಗೋಡಿನ, ಸೊಲ್ಲಾಪುರದ, ಅಕ್ಕಲಕೋಟೆಯ ಮಗು ಮೊಬೈಲಿನಲ್ಲಿ ಓದಬಹುದು. ಗಡಿಯಲ್ಲಿರುವುದು ನಮ್ಮ ದೌರ್ಬಲ್ಯವೆಂದು ಇದುವರೆಗೆ ಹೇಳಿಸಿಕೊಂಡಿದ್ದೇವೆ. ಈ ಕೆಲಸದಲ್ಲಿ ಅದೇ ನಮ್ಮ ಬಲ.

ಈಗ ಆಗಬೇಕಾದದ್ದು

ಭಾಷಣ ಸಾಕು. ಪ್ರತಿ ಶಾಲೆಯ ಪಾಲಕರ ಸಭೆಯಲ್ಲಿ ಈ ಕೆಲಸಗಳನ್ನು ಚರ್ಚಿಸಿ ಹಂಚಿಕೊಳ್ಳಿ.

ಒಂದು. ಮನೆಯ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ಕನ್ನಡ ಕೀಲಿಮಣೆ ಹಾಕಿಸಿ. ಅಂಗಡಿಯಲ್ಲಿ ಹೊಸ ಮೊಬೈಲು ಕೊಳ್ಳುವಾಗ ಹಣ ಎಣಿಸುವ ಮುನ್ನವೇ ಕೇಳಿ ಹಾಕಿಸಿಕೊಳ್ಳಿ. ಒಂದು ತಿಂಗಳು ಬಳಸಿ. ತಿಳಿಯದ, ತಪ್ಪಾದ ಪದಗಳನ್ನು ಮಕ್ಕಳಿಂದ ಒಂದು ನೋಟುಪುಸ್ತಕದಲ್ಲಿ ಬರೆಸಿ, ಪಕ್ಕದಲ್ಲಿ ನಿಮ್ಮೂರಿನಲ್ಲಿ ಹೇಳುವ ಪದ ಬರೆಸಿ.

ಎರಡು. ಊರಿನ ಹೆಸರು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು 2004ರಲ್ಲಿ ಆರಂಭವಾದ, ಜನರೇ ಕಟ್ಟಿದ ಜಗತ್ತಿನ ಭೂಪಟ. ಅದನ್ನು ಬಳಸುವ ಮೊಬೈಲ್ ಆಪ್‌ಗಳು ಹಲವು. ಅದರಲ್ಲಿ ಪ್ರತಿ ಊರಿಗೂ ಕನ್ನಡ ಹೆಸರನ್ನು ಬರೆಯಲು ಪ್ರತ್ಯೇಕ ಜಾಗವಿದೆ. ರಸ್ತೆಯ ಫಲಕದಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಬರೆಸಲು ನಾವು ಎಷ್ಟು ಸಲ ಓಡಾಡಬೇಕೋ ತಿಳಿಯದು. ಈ ಭೂಪಟದಲ್ಲಿ ತೆಲುಗಿನ ಹೆಸರನ್ನು ಅಳಿಸದೆ, ಅದರ ಜೊತೆಗೆ ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಇಂದು ರಾತ್ರಿಯೇ ಬರೆಯಬಹುದು.

ಮೂರು. ಊರಿನ ಮಾತು. ಗಣಿಯ ಕೆಲಸದ ಪದ, ತೊಗರಿ ಒಕ್ಕಣೆಯ ಪದ, ಅಡಿಗೆಯ ಪದಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದು ಕನ್ನಡ ವಿಕ್ಷನರಿಗೆ ಸೇರಿಸಿ. ನಿಮ್ಮ ಊರಿನ ಬಗ್ಗೆ, ಜಾತ್ರೆಯ ಬಗ್ಗೆ ವಿಕಿಪೀಡಿಯದಲ್ಲಿ ಬರೆಯಿರಿ, ಆಧಾರವಿರುವುದನ್ನು ಮಾತ್ರ ಬರೆಯಿರಿ. ನೆಟ್‌ವರ್ಕ್ ಇಲ್ಲದ ಊರಿನವರಿಗೆ ಕಿವಿಕ್ಸ್ ಎಂಬ ಮುಕ್ತ ಆಪ್ ಇದೆ. ಒಮ್ಮೆ ಪೇಟೆಯಲ್ಲಿ ಇಳಿಸಿಕೊಂಡರೆ ಕನ್ನಡ ವಿಕಿಪೀಡಿಯವನ್ನು ಇಂಟರ್‌ನೆಟ್ ಇಲ್ಲದೆ ಓದಬಹುದು. ಶಾಲೆಗೆ ಒಂದು ಹಳೆಯ ಮೊಬೈಲಿದ್ದರೂ ಅದು ಪುಟ್ಟ ಗ್ರಂಥಾಲಯವಾದೀತು.

ನಾಲ್ಕು. ಕಾಲೇಜಿಗೆ ಹೋಗುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಮೊಜಿಲ್ಲಾದ ಪಾಂಟೂನ್‌ನಲ್ಲಿ ಅನುವಾದಕ್ಕೆ ಸೇರಲಿ. ಒಂದು ಸಾಲು ಇಂಗ್ಲಿಷಿನಲ್ಲಿರುತ್ತದೆ, ಅದರ ಕನ್ನಡವನ್ನು ಬರೆದು ಒಪ್ಪಿಸಬೇಕು, ಬಲ್ಲವರು ನೋಡಿ ಸೇರಿಸುತ್ತಾರೆ. ತಂತ್ರಾಂಶ ಬರೆಯಲು ಬರಬೇಕಿಲ್ಲ, ಕನ್ನಡ ಬಂದರೆ ಸಾಕು. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ ಎಂಬ ಕಲಿಕೆಯ ಮುಕ್ತ ಆಪ್ ಇದೆ. ಅಂಥದಕ್ಕೆ ಅನುವಾದವೂ ಬೇಕು, ಅಕ್ಷರ, ಪದಗಳನ್ನು ಓದಿ ಹೇಳುವ ದನಿಯೂ ಬೇಕು. ಈ ಕೆಲಸಗಳಲ್ಲಿ ಮಕ್ಕಳ ಹೆಸರು, ಫೋಟೋ, ವಿಳಾಸ ಎಲ್ಲಿಯೂ ಹಾಕಬೇಡಿ. ಖಾತೆ ದೊಡ್ಡವರ ಹೆಸರಿನಲ್ಲಿರಲಿ.

ಐದು. ಸರ್ಕಾರವನ್ನು ಬಿಟ್ಟುಬಿಡುವ ಮಾತಲ್ಲ. ದೀಕ್ಷಾ ಎಂಬ ರಾಷ್ಟ್ರೀಯ ಕಲಿಕಾ ಆಪ್ 2017ರಲ್ಲಿ ಬಂತು. ಅದು ನಿಂತಿರುವ ಸನ್‌ಬರ್ಡ್ ಕೂಡ ಮುಕ್ತ ತಂತ್ರಾಂಶವೇ. ಅದನ್ನು ತೆರೆದು ಬೋರ್ಡಿನ ಜಾಗದಲ್ಲಿ ತೆಲಂಗಾಣವನ್ನೂ ಮಾಧ್ಯಮದ ಜಾಗದಲ್ಲಿ ಕನ್ನಡವನ್ನೂ ಹುಡುಕಿ, ನಿಮ್ಮ ಮಗುವಿನ ತರಗತಿಗೆ ಏನಿದೆ, ಏನಿಲ್ಲ ಎಂಬುದನ್ನು ಪಟ್ಟಿ ಮಾಡಿ. ಆ ಪಟ್ಟಿಯನ್ನು ಲಗತ್ತಿಸಿ ರಾಜ್ಯ ಶಿಕ್ಷಣ ಸಂಶೋಧನಾ ಮತ್ತು ತರಬೇತಿ ಪರಿಷತ್ತಿಗೂ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಅರ್ಜಿ ಕಳಿಸೋಣ. ಕನ್ನಡ ಪಠ್ಯಪುಸ್ತಕಗಳು ಯೂನಿಕೋಡಿನಲ್ಲಿ, ಹುಡುಕಲು ಬರುವಂತೆ, ಮುಕ್ತ ಪರವಾನಗಿಯಲ್ಲಿ ಸಿಗಬೇಕು. ಜನರ ತೆರಿಗೆಯ ಹಣದಿಂದ ಶಾಲೆಗೆ ಕೊಳ್ಳುವ ಯಾವ ತಂತ್ರಾಂಶವೂ ಕನ್ನಡ ಸೇರಿಸಲಾಗದಂತೆ ಬೀಗ ಹಾಕಿದ್ದಾಗಿರಬಾರದು. ಸಂವಿಧಾನದ 350ಬಿ ವಿಧಿಯ ಪ್ರಕಾರ ನೇಮಕವಾಗುವ ಅಧಿಕಾರಿಯ ಮುಂದೆ ಇಡಬೇಕಾದ ಬೇಡಿಕೆಗಳು ಇವು. 'ನಮಗೆ ಅನ್ಯಾಯವಾಗಿದೆ' ಎಂಬ ಒಂದು ಸಾಲಿಗಿಂತ 'ಇಂಥ ತರಗತಿಯ ಇಂಥ ಪಾಠವಿಲ್ಲ' ಎಂಬ ಪಟ್ಟಿಗೆ ತೂಕ ಹೆಚ್ಚು.

ಮುಕ್ತ ತಂತ್ರಾಂಶ ಕನ್ನಡ ಮಾಸ್ತರರ ಜಾಗವನ್ನು ತುಂಬುವುದಿಲ್ಲ. ಖಾಲಿ ಹುದ್ದೆಗೆ ಮೊಬೈಲು ಉತ್ತರವಲ್ಲ, ಹಾಗೆಂದು ಯಾವ ಅಧಿಕಾರಿ ಹೇಳಿದರೂ ಒಪ್ಪಬೇಡಿ. ಆದರೆ ಶಾಲೆಯ ಗೇಟು ದಾಟಿದ ಮೇಲೆ ಕನ್ನಡ ಎಲ್ಲಿದೆ ಎಂದು ಮಗು ಕೇಳಿದಾಗ ತೋರಿಸಲು ನಮ್ಮ ಕೈಯಲ್ಲೇ ಒಂದು ಜಾಗವಿರಬೇಕು. ಆ ಜಾಗದ ಪಹಣಿ ಯಾವ ತಹಶೀಲ್ದಾರರ ಕಚೇರಿಯಲ್ಲೂ ಇಲ್ಲ. ಅದನ್ನು ಉತ್ತು ಬಿತ್ತುವವರು ನಾವಾಗದಿದ್ದರೆ ಅದು ಬೀಳು ಬೀಳುತ್ತದೆ, ಬಿದ್ದ ಮೇಲೆ ಯಾರ ಮೇಲೆ ದೂರು ಕೊಡುವಿರಿ?

ಮುಂದಿನ ಪಾಲಕರ ಸಭೆಗೆ ಬರುವಾಗ ಮೊಬೈಲನ್ನೂ ನೋಟುಪುಸ್ತಕವನ್ನೂ ತನ್ನಿ.